ಹಾಳೆ ಸುತ್ತಿದ ಬಿಸಿ ಊಟ

ತಣ್ಣನೆಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹೊರಗೆ ದುಡಿಯುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಚಪ್ಪಲಿ ಕಾರ್ಖಾನೆಯ ಹನ್ನೊಂದು ಹೆಂಗಸರಿಗೆ ಈ ಕಷ್ಟವೇ ಇರಲಿಲ್ಲ. ಏಕೆಂದರೆ ಅಲ್ಲಿ ಮೇಸ್ತ್ರಿಯಮ್ಮ ಇದ್ದರು.

ಇಪ್ಪತ್ತಾರು ವರ್ಷದಿಂದ ಪ್ಲಾಸ್ಟಿಕ್ ಕರಗಿಸಿ ಚಪ್ಪಲಿಯ ಅಟ್ಟೆ ಒತ್ತಿದ ಕೈ ಅವರದು. ಬಿಸಿ ಊಟದ ಉಪಾಯವೂ ಅವರದೇ. ಚಪ್ಪಲಿಯ ಪಟ್ಟಿ ಕತ್ತರಿಸಿ ಉಳಿದ ಮೆತ್ತನೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಅನ್ನವನ್ನು ಗಂಟು ಕಟ್ಟಿ ಅಚ್ಚಿನ ಯಂತ್ರದ ಮೇಲಿಟ್ಟರೆ ಮಧ್ಯಾಹ್ನಕ್ಕೆ ಹಬೆಯಾಡುವ ಊಟ. "ಮಾಲೀಕರ ಮನೇಲೂ ಇಷ್ಟು ಬಿಸಿ ಇರಲ್ಲ!" ಎಂದು ಅವರು ಬೀಗುತ್ತಿದ್ದರು.

ಪಕ್ಕದ ಯಂತ್ರದಲ್ಲಿ ದುಡಿಯುವ ಅವರ ಮಗಳು ಈಗ ಮೂರು ತಿಂಗಳ ಬಸುರಿ. ಅವಳ ಗಂಟಿಗೆ ಮೇಸ್ತ್ರಿಯಮ್ಮ ಎರಡು ಸುತ್ತು ಹಾಳೆ ಹೆಚ್ಚಿಗೇ ಸುತ್ತಿದ್ದರು. ಅಂದು ಕೆಲಸದವರ ಆರೋಗ್ಯ ತಪಾಸಣೆಗೆ ಬಂದಿದ್ದ ನರ್ಸ್ ಅದನ್ನು ನೋಡಿಬಿಟ್ಟಳು.

"ಅಮ್ಮಾ, ಇದನ್ನ ಇವಳಿಗೆ ತಿನ್ನಿಸಬೇಡಿ."

"ಯಾಕಮ್ಮ ಸಿಸ್ಟರ್? ನನ್ನ ಅಡುಗೆಗೇನು ರೋಗ?"

"ಅಡುಗೆಗಲ್ಲ, ಹಾಳೆಗೆ. ಇದನ್ನ ಮೆತ್ತಗೆ ಮಾಡೋಕೆ ರಾಸಾಯನಿಕ ಸೇರಿಸಿರ್ತಾರೆ. ಶಾಖಕ್ಕೆ ಅದು ಅನ್ನಕ್ಕಿಳಿಯುತ್ತೆ. ಅನ್ನದಿಂದ ತಾಯಿಗೆ, ತಾಯಿಯಿಂದ ಮಗುವಿಗೆ."

"ಇದೇ ಅನ್ನ ಉಂಡು ಇವಳನ್ನ ಹೆತ್ತೆ. ನೋಡಿ, ಗುಂಡುಕಲ್ಲಿನ ಥರ ಇದ್ದಾಳೆ!"

"ಅಮ್ಮ, ಎಲ್ಲರ ಮುಂದೆ ನನ್ನ ತೂಕ ಯಾಕೆ ಸಾರ್ತೀಯ?" ಎಂದಳು ಮಗಳು.

ನರ್ಸ್ ನಕ್ಕಳು. "ಕಣ್ಣು ಮುಚ್ಕೊಂಡು ರಸ್ತೆ ದಾಟಿ ಬದುಕಿದೋರೂ ಇದ್ದಾರೆ. ಹಾಗಂತ ಬಸುರಿ ಮಗಳಿಗೂ ಕಣ್ಣು ಮುಚ್ಕೋ ಅಂತೀರಾ? ಗಂಡುಮಗು, ಹೆಣ್ಣುಮಗು ಇಬ್ಬರ ಮೆದುಳು ಬೆಳೆಯೋದರಲ್ಲಿ ಅಷ್ಟಿಷ್ಟು ವ್ಯತ್ಯಾಸ ಇರುತ್ತೆ. ಯಾವಾಗ ಏನು ಬೆಳೀಬೇಕು ಅನ್ನೋ ಸುದ್ದಿ ಮುಟ್ಟಿಸೋದು ಹಾರ್ಮೋನು. ಈ ರಾಸಾಯನಿಕ ನಡುವೆ ಬಾಯಿ ಹಾಕಿ ಸುದ್ದಿ ಕೆಡಿಸುತ್ತೆ."

ಪಟ್ಟಿ ಹೊಲಿಯುತ್ತಿದ್ದ ಹೊಲಿಗೆಯಕ್ಕ ಬಾಯಿಮೇಲೆ ಕೈಯಿಟ್ಟಳು. "ಅಯ್ಯೋ, ಗಂಡು ಹೋಗಿ ಹೆಣ್ಣಾಗುತ್ತಾ?"

"ಹಾಗಲ್ಲಕ್ಕ. ಹುಡುಗ ಗೊಂಬೆ ಆಡಿದ್ರೆ, ಹುಡುಗಿ ಮರ ಹತ್ತಿದ್ರೆ ಅದು ಕಾಯಿಲೆಯಲ್ಲ. ಪ್ರಾಣಿಗಳ ಮೆದುಳಲ್ಲಿ ಈ ಏರುಪೇರು ಕಂಡಿದೆ. ಮಕ್ಕಳ ವಿಷಯ ಇನ್ನೂ ಪೂರ್ತಿ ಗೊತ್ತಾಗಿಲ್ಲ. ಆದರೆ ಕೆಲವು ಅಧ್ಯಯನಗಳಲ್ಲಿ ಮಾತು, ನಡವಳಿಕೆಯಲ್ಲಿ ವ್ಯತ್ಯಾಸ ಕಂಡಿದೆ, ಗಂಡಿಗೊಂದು ಥರ, ಹೆಣ್ಣಿಗೊಂದು ಥರ. ಮಗು ಹೇಗೇ ಇರಲಿ, ಅದರ ಮೆದುಳು ಅದರ ಪಾಡಿಗೆ ಬೆಳೀಲಿ ಅಂತಷ್ಟೇ ನಾನು ಹೇಳೋದು."

"ಇಷ್ಟೇ ಇಷ್ಟು ರಾಸಾಯನಿಕಕ್ಕೆ ಅಷ್ಟೊಂದಾ?" ಮೇಸ್ತ್ರಿಯಮ್ಮ ಬಿಡಲಿಲ್ಲ.

ನರ್ಸ್ ಆಗಷ್ಟೇ ಅಚ್ಚಿನಿಂದ ಹೊರಬಂದ ಅಟ್ಟೆಯತ್ತ ಕೈ ಚಾಚಿದಳು.

"ಮುಟ್ಟಬೇಡಿ!" ಮೇಸ್ತ್ರಿಯಮ್ಮ ಕೂಗಿಕೊಂಡರು. "ಬಿಸಿ ಇದ್ದಾಗ ಬೆರಳು ತಾಗಿದ್ರೆ ಗುರುತು ಕೂತೇಬಿಡುತ್ತೆ."

"ಆರಿದ ಮೇಲೆ ಮುಟ್ಟಿದ್ರೆ?"

"ಏನೂ ಆಗಲ್ಲ."

"ಹೊಟ್ಟೆಯೊಳಗಿನ ಮೆದುಳೂ ಈಗ ಅಷ್ಟೇ ಮೆತ್ತಗಿದೆ, ಅಮ್ಮಾ."

ಮೇಸ್ತ್ರಿಯಮ್ಮ ಮಗಳ ಮುಖ ನೋಡಿದರು. "ಇಷ್ಟು ದಿನ ಉಂಡಿದ್ದಾಳಲ್ಲ, ಸಿಸ್ಟರ್?"

"ಹೆದರಬೇಡಿ. ಇವತ್ತಿಂದ ಕಮ್ಮಿ ಮಾಡಿದ್ರೂ ಒಳ್ಳೇದೇ. ಯಂತ್ರದ ಹೊಗೆಯಿಂದ, ತೊಳೆಯದ ಕೈಯಿಂದಲೂ ಅದು ಒಳಗೆ ಹೋಗುತ್ತೆ, ಅದನ್ನೂ ನೋಡ್ಕೊಳ್ಳಿ."

ಮೇಸ್ತ್ರಿಯಮ್ಮ ಆ ಗಂಟನ್ನು ಎತ್ತಿ ಕಸಕ್ಕೆ ಹಾಕಿ, ನೆಟ್ಟಗೆ ಮಾಲೀಕರ ಕೋಣೆಗೆ ನಡೆದರು. "ಮಗಳನ್ನ ಹೊಗೆ ಇಲ್ಲದ ಪ್ಯಾಕಿಂಗ್ ಕಡೆ ಹಾಕಿ. ಯಂತ್ರದ ಹತ್ರ ಗಾಳಿ ಎಳೆಯೋ ಫ್ಯಾನ್ ಬೇಕು. ಊಟಕ್ಕೆ ಬೇರೆ ಕೋಣೆ, ಒಂದು ಒಲೆ."

"ನೋಡೋಣ ಬಿಡಮ್ಮ."

"ಈಗಲೇ ಬಂದು ನೋಡಿ. ಅಲ್ಲೀತನಕ ಯಂತ್ರ ನಿಂತಿರುತ್ತೆ."

ಹಿಂದೆ ತಿರುಗಿದರೆ ಉಳಿದ ಹತ್ತು ಹೆಂಗಸರೂ ಬಾಗಿಲಲ್ಲಿ!

ಆ ವಾರವೇ ಸಾಮಾನು ತುಂಬಿದ್ದ ಕೋಣೆ ಖಾಲಿಯಾಯಿತು. ಫ್ಯಾನ್ ಬಂತು. ಒಲೆಯ ಮೇಲೆ ಸ್ಟೀಲ್ ಡಬ್ಬಿಗಳು ಕೂತವು. ಕೈ ತೊಳೆದು ಬಂದ ಮಗಳಿಗೆ ಮೊದಲ ತುತ್ತು ಕೊಟ್ಟ ಮೇಸ್ತ್ರಿಯಮ್ಮ ಎದೆಯುಬ್ಬಿಸಿ ಹೇಳಿದರು: "ಗಂಟು ಕಟ್ಟಿದ್ದೂ ನಾನೇ, ಬಿಚ್ಚಿಸಿದ್ದೂ ನಾನೇ!"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ, ಕೆಲಸದ ಜಾಗದಲ್ಲಿ ಬಸುರಿಯರಿದ್ದಾರೆಯೇ? ಬಿಸಿ ಊಟವನ್ನು ಪ್ಲಾಸ್ಟಿಕ್‌ಗೆ ಹಾಕಬೇಡಿ, ಪ್ಲಾಸ್ಟಿಕ್‌ನಲ್ಲಿ ಬಿಸಿ ಮಾಡಲೂಬೇಡಿ. ಸ್ಟೀಲ್, ಗಾಜು, ಮಣ್ಣಿನ ಪಾತ್ರೆ ಇವೆಯಲ್ಲ! ಕೆಲಸದ ಕೈ ತೊಳೆದೇ ಉಣ್ಣಿ, ಯಂತ್ರದ ಪಕ್ಕದಲ್ಲಿ ಉಣ್ಣಬೇಡಿ. ಅನುಮಾನವಿದ್ದರೆ ನಿಮ್ಮ ನರ್ಸನ್ನು ಕೇಳಿ. ಹಳೆಯ ಅಭ್ಯಾಸ ಬಿಟ್ಟರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಹುಟ್ಟಲಿರುವ ಮಗುವಿಗಾಗಿ ಅದನ್ನು ಬಿಟ್ಟವರೇ ತಲೆಯೆತ್ತಿ ನಡೆಯಬೇಕಾದವರು.