ನಾನೂರ ಹದಿನೇಳನೇ ಚೂರು

ಔಷಧಿ ಹುಡುಕುವ ಆ ಸಂಸ್ಥೆಯಲ್ಲಿ ಅವನನ್ನು ಎಲ್ಲರೂ ಉಗ್ರಾಣಿ ಎಂದೇ ಕರೆಯುತ್ತಿದ್ದರು. ಅವನ ಉಗ್ರಾಣದಲ್ಲಿ ಅಕ್ಕಿ ಬೇಳೆ ಇರಲಿಲ್ಲ. ತಣ್ಣನೆಯ ಕಪಾಟುಗಳಲ್ಲಿ ಒಂಬೈನೂರ ಅರವತ್ತು ಪುಟ್ಟ ನಳಿಕೆಗಳು. ಒಂದೊಂದರಲ್ಲೂ ಒಂದೊಂದು ರಾಸಾಯನಿಕದ ಚೂರು, ಕರಗಿಸಿ ಇಟ್ಟದ್ದು. ಕಲ್ಲುಗೋಡೆ ಕಟ್ಟುವವನು ಸಂದಿಗೆ ಹೊಂದುವ ಚಕ್ಕೆಯನ್ನು ಒಂದೊಂದಾಗಿ ಇಟ್ಟು ನೋಡುತ್ತಾನಲ್ಲ, ಹಾಗೆ ಅಲ್ಲಿಯವರು ರೋಗದ ಪ್ರೋಟೀನಿನ ಸಂದುಗಳಿಗೆ ಈ ಚೂರುಗಳನ್ನು ಒಡ್ಡಿ ನೋಡುತ್ತಿದ್ದರು. ಯಾವುದು ಕೂತಿತೋ ಅದನ್ನು ಬೆಳೆಸಿ ಬೆಳೆಸಿ ಔಷಧಿ ಮಾಡುವುದು.

ಆ ಭಂಡಾರವನ್ನು ಕಟ್ಟಿದ್ದು ಅವನೂ ಅವನ ಹೆಂಡತಿಯೂ. ಒಂದರ ಹಾಗೆ ಇನ್ನೊಂದು ಇರಬಾರದು, ನೀರಿನಲ್ಲಿ ಕರಗಬೇಕು, ಕಂಡಕಂಡದ್ದಕ್ಕೆಲ್ಲ ಅಂಟಿಕೊಳ್ಳುವಂಥದು ಬೇಡವೇ ಬೇಡ. "ಊರೆಲ್ಲ ನೆಂಟರು ಅನ್ನೋನ ಮನೇಲಿ ಉಣ್ಣೋಕೆ ಜಾಗ ಸಿಗಲ್ಲ ರೀ" ಎಂದು ಅವಳು ನಗುತ್ತ ಅಂಥವನ್ನು ಪಟ್ಟಿಯಿಂದ ಹೊಡೆದುಹಾಕುತ್ತಿದ್ದಳು. ಹೆಚ್ಚಿನವು ಕೊಂಡುತಂದವು. ಎಲ್ಲೂ ಸಿಗದ ಆಕಾರಗಳನ್ನು ಅವಳೇ ಕೈಯಾರೆ ಮಾಡಿದಳು. ಅದರಲ್ಲಿ ಕೊನೆಯದು ನಾನೂರ ಹದಿನೇಳು. ಅದನ್ನು ನಳಿಕೆಗೆ ತುಂಬಿದ ಮೂರನೇ ವಾರಕ್ಕೆ ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ.

ವರ್ಷಕ್ಕೊಮ್ಮೆ ಪ್ರತಿ ನಳಿಕೆಯಿಂದ ಒಂದು ಹನಿ ತೆಗೆದು ಯಂತ್ರಕ್ಕೆ ಕೊಡಬೇಕು. ಕಾಗದದ ಮೇಲಿನ ಗೆರೆಯಲ್ಲಿ ಒಂದೇ ಗೋಪುರ ಎದ್ದರೆ ಚೂರು ಶುದ್ಧ. ಎರಡು ಮೂರು ಎದ್ದರೆ ಕೆಟ್ಟಿದೆ, ಎಸೆಯಬೇಕು. ಅವಳು ತೀರಿಕೊಂಡ ವರ್ಷ ನಾನೂರ ಹದಿನಾರರವರೆಗೆ ಬಂದ ಉಗ್ರಾಣಿಯ ಕೈ ನಿಂತುಬಿಟ್ಟಿತು. ಅವಳು ಮಾಡಿದ ಪುಡಿಯೆಲ್ಲ ಮುಗಿದು ಆ ನಳಿಕೆಯಲ್ಲಿದ್ದಷ್ಟೇ ಉಳಿದಿತ್ತು. ಹನಿ ತೆಗೆಯದೆಯೇ 'ಶುದ್ಧ' ಎಂದು ಬರೆದ. ಮರುವರ್ಷವೂ ಬರೆದ. ಮೂರನೇ ವರ್ಷಕ್ಕೆ ಬರೆಯುವಾಗ ನಳಿಕೆಯತ್ತ ನೋಡಲೂ ಇಲ್ಲ.

ಹೀಗಿರುವಾಗ ಗಡಿಬಿಡಿ ಎಂದು ಅಡ್ಡಹೆಸರಿದ್ದ ಹುಡುಗಿ, ನಡಿಗೆಯಲ್ಲಿ ಗಡಿಬಿಡಿಯಾದರೂ ಕೆಲಸದಲ್ಲಿ ಇರುವೆಯಂಥವಳು, ಮಕ್ಕಳ ಮೂತ್ರಪಿಂಡದ ಒಂದು ರೋಗಕ್ಕೆ ಚೂರು ಹುಡುಕುತ್ತಿದ್ದವಳು, ಒಂದು ದಿನ ಓಡಿ ಬಂದು ಕುಣಿದಾಡಿದಳು. "ಅಣ್ಣಾ, ನಿಮ್ಮ ನಾನೂರ ಹದಿನೇಳು ಕೂತ್ಕೊಂಡ್ಬಿಡ್ತು!" ಅವತ್ತು ಉಗ್ರಾಣಿ ಮನೆಗೆ ಹೋಗಿ, ಮೂರು ವರ್ಷದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡ.

ಎಂಟು ತಿಂಗಳು ಅವಳು ಆ ಚೂರಿಗೆ ಕೈಕಾಲು ಸೇರಿಸಿ ಅರವತ್ತು ಬಗೆ ಮಾಡಿದಳು. ಒಂದೂ ಕೂರಲಿಲ್ಲ. ಕೊನೆಗೆ ನಾನೂರ ಹದಿನೇಳನ್ನೇ ಹೊಸದಾಗಿ ಮಾಡಿ ನೋಡಿದಳು, ಅದೂ ಕೂರಲಿಲ್ಲ.

ಪಡಸಾಲೆಯಲ್ಲಿ ಮುಖ್ಯಸ್ಥರು ಅವಳನ್ನು ನಿಲ್ಲಿಸಿಕೊಂಡಿದ್ದರು. ಉಗ್ರಾಣಿ ಬಾಗಿಲ ಹಿಂದೆಯೇ ನಿಂತ.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣಮ್ಮ. ಮೊದಲನೇ ಪರೀಕ್ಷೆನೇ ನೀನು ತಪ್ಪು ಮಾಡಿದೀಯ. ನಾಳೆ ಸಭೇಲಿ ಈ ಕೆಲಸ ಮುಚ್ತೀವಿ. ನಿನ್ನ ವಿಷಯಾನೂ ಯೋಚಿಸಬೇಕಾಗುತ್ತೆ."

"ಎರಡು ಸಲ ಮಾಡಿದ್ದೆ ಸರ್."

"ನಳಿಕೆಲಿರೋದು ಕೆಟ್ಟಿದ್ರೆ?"

"ಉಗ್ರಾಣಿ ಅಣ್ಣ ಶುದ್ಧ ಅಂತ ಬರೆದಿದಾರೆ ಸರ್. ಅವರು ಬರೆದ ಮೇಲೆ ಇನ್ನೇನು ನೋಡೋದು? ತಪ್ಪು ನನ್ನದೇ ಇರ್ಬೇಕು."

ಉಗ್ರಾಣಿ ನೇರ ಕಪಾಟಿಗೆ ಹೋಗಿ ನಾನೂರ ಹದಿನೇಳನ್ನು ಹೊರತೆಗೆದ. ಮಧ್ಯಾಹ್ನ ಹುಡುಗಿಯನ್ನು ಯಂತ್ರದ ಕೋಣೆಗೆ ಕರೆದ.

"ಕೂತ್ಕೋಮ್ಮ."

ಅವಳೆದುರಿಗೇ ಆ ನಳಿಕೆಯ ಒಂದು ಹನಿಯನ್ನು ಯಂತ್ರಕ್ಕೆ ಕೊಟ್ಟ. ಯಂತ್ರಕ್ಕೆ ಹತ್ತು ನಿಮಿಷ ಬೇಕಾಯಿತು. ಕಾಗದ ಹೊರಬಂತು. ಒಂದು ಗೋಪುರ ಇರಬೇಕಾದಲ್ಲಿ ಐದು. ಹೆಂಡತಿ ಮಾಡಿಟ್ಟದ್ದು ಎಲ್ಲಕ್ಕಿಂತ ಕುಳ್ಳಗೆ, ಒಂದು ಮೂಲೆಯಲ್ಲಿ ಇತ್ತು. ಪ್ರೋಟೀನಿಗೆ ಅಂಟಿದ್ದು ಅದು ಕೊಳೆತು ಹುಟ್ಟಿದ ಕಸ; ಸಿಕ್ಕಿದ್ದಕ್ಕೆಲ್ಲ ಅಂಟುವಂಥದು.

"ಹೋದ ವರ್ಷ ಚೆನ್ನಾಗಿತ್ತಲ್ಲ ಅಣ್ಣ?"

"ನಾನು ನೋಡಿರಲಿಲ್ಲ."

"ಅಂದ್ರೆ?"

"ಮೂರು ವರ್ಷದಿಂದ ನೋಡಿಲ್ಲಮ್ಮ. ಸುಮ್ಮನೆ ಬರೆದೆ. ಅದು ನನ್ನವಳು ಮಾಡಿದ್ದು. ಕೆಟ್ಟಿದ್ರೆ ಎಸೀಬೇಕಲ್ಲ..."

ಅವಳು ಬಹಳ ಹೊತ್ತು ಕಾಗದ ನೋಡಿದಳು. "ಎಂಟು ತಿಂಗಳು, ಅಣ್ಣ" ಎಂದಳು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿ ಇತ್ತು. "ಆ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ದಾರಿ ಕಾಣ್ತಿದೆ ಅಂದುಬಿಟ್ಟಿದ್ದೆ ನಾನು."

ಉಗ್ರಾಣಿ ಆ ಕಾಗದ ಹಿಡಿದು ತಾನೇ ಮುಖ್ಯಸ್ಥರ ಕೋಣೆಗೆ ಹೋದ. ಅವರೂ ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹುಡುಗಿ ಮೇಲೆ ಇನ್ನು ಮಾತಿಲ್ಲ. ಆದ್ರೆ ಇದೊಂದೇನಾ ಅಂತ ನಾನು ಹೇಗೆ ನಂಬಲಿ ಹೇಳಪ್ಪ? ಉಳಿದವನ್ನೂ ಮೊದಲಿಂದ ನೋಡ್ಬೇಕು. ಸಹಿ ಬೇರೆಯವರು ಹಾಕ್ಲಿ" ಎಂದರು. ಉಳಿದ ಒಂಬೈನೂರ ಐವತ್ತೊಂಬತ್ತನ್ನೂ ಅವನು ನಿಜವಾಗಿ ನೋಡಿದ್ದ. ಆದರೂ "ಆಗಲಿ ಸರ್" ಎಂದ.

ಮಾರನೆಯ ದಿನ ಸಹಿ ಹಾಕಲು ಗಡಿಬಿಡಿಯೇ ಬಂದಳು. ಮೊದಲು ನಾನೂರ ಹದಿನೇಳನ್ನು ಪಟ್ಟಿಯಿಂದ ತೆಗೆಯಬೇಕಿತ್ತು. ಅವನು ನಳಿಕೆಯನ್ನು ಕಸದ ಡಬ್ಬಿಗೆ ಬಗ್ಗಿಸಿದ. ನಾಲ್ಕು ಹನಿ ಬಿತ್ತು, ಅಷ್ಟೆ. ತೆಗೆಯುವ ಕಾರಣದ ಎದುರು 'ಕೆಟ್ಟಿದೆ' ಎಂದು ಬರೆದ. ಅದರ ಕೆಳಗೆ, 'ಯಾವಾಗಿನಿಂದ' ಎಂದಿತ್ತು. ಅಲ್ಲಿ ಪೆನ್ನು ನಿಂತಿತು. ಹೆಂಡತಿ ತೀರಿಕೊಂಡ ತಿಂಗಳಿನಿಂದಲೋ, ಮರುವರ್ಷದಿಂದಲೋ, ತಾನು ನೆಮ್ಮದಿಯಾಗಿ 'ಶುದ್ಧ' ಎಂದು ಬರೆಯುತ್ತಿದ್ದ ದಿನದಿಂದಲೋ.

ಗಡಿಬಿಡಿ ಅವನ ಕೈಯಿಂದ ಪೆನ್ನು ತೆಗೆದುಕೊಂಡು 'ಗೊತ್ತಿಲ್ಲ' ಎಂದು ಬರೆದು, ಒಂದನೇ ನಳಿಕೆ ಕೊಡಿ ಎಂದು ಕೈ ಚಾಚಿದಳು.