ಬೆಕ್ಕು ಎದ್ದು ಹೋದಾಗ

ಅಕ್ಕನದು ಹೊಲಿಗೆಯಂಗಡಿ, ತಮ್ಮನದು ಪಕ್ಕದ ಕ್ಷೌರದಂಗಡಿ. ನಡುಗೋಡೆಯಲ್ಲಿ ಒಂದು ಬಾಗಿಲು. ತಾನು ತಮ್ಮನಿಗೆ ಹೊಲಿದುಕೊಟ್ಟ ಅಂಗಿಯನ್ನು ಅವನು ಗಿರಾಕಿಯೊಬ್ಬನೆದುರು "ದಿಂಬಿನ ಚೀಲಕ್ಕೆ ತೋಳು ಬಂದ ಹಾಗಿದೆ" ಎಂದು ಆಡಿಕೊಂಡದ್ದು ಕಿವಿಗೆ ಬಿದ್ದ ದಿನ ಅಕ್ಕ ಆ ಬಾಗಿಲಿಗೆ ತನ್ನ ಕಡೆಯಿಂದ ಚಿಲಕ ಹಾಕಿದಳು. ಮಾತೂ ನಿಂತಿತು. ಗಿರಾಕಿ ನಕ್ಕದ್ದು ಒಂದು ಗಳಿಗೆ. ಚಿಲಕ ಚಳಿಗಾಲದವರೆಗೂ ಹಾಗೇ ಇತ್ತು.

ಇವತ್ತು ಅದು ತೆರೆದಿತ್ತು. ಬೀದಿಯಲ್ಲಿ ಮಲಗುವವರಿಗೆಂದು ಪ್ರತಿ ಚಳಿಗಾಲ ಇಬ್ಬರೂ ಸೇರಿ ಚೀಲ ತುಂಬುತ್ತಿದ್ದರು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಪ್ಯಾಂಟಿನ ಬಟ್ಟೆಯ ಉಳಿದ ತುಂಡುಗಳಿಂದ ಅಕ್ಕ ಲಾಡಿಯ ಚೀಲ ಹೊಲಿದಿದ್ದಳು. ತಮ್ಮ ಬಾಚಣಿಗೆ, ಸೋಪು ತಂದಿದ್ದ. ಟವೆಲು, ಬ್ರಷ್ಷು ಬೀದಿಯ ಮನೆಗಳವರು ಕೊಟ್ಟದ್ದು. ಕಾಲುಚೀಲಗಳು ಮಾತ್ರ ಗಿರಣಿಯಿಂದ ಗೋಣಿಯಲ್ಲಿ ಬಿಡಿಬಿಡಿಯಾಗಿ ಬಂದು ನೆಲದ ಮೇಲೆ ಗುಡ್ಡೆ ಬಿದ್ದಿದ್ದವು.

ಸಂಜೆ ವ್ಯಾನು ಬಂದು ಚೀಲಗಳನ್ನು ಒಯ್ಯುತ್ತದೆ. ಅದು ಹೋದ ಮೇಲೆ ಚಿಲಕ ಮತ್ತೆ ಬೀಳುತ್ತದೆಂದು ತಮ್ಮನಿಗೆ ಗೊತ್ತಿತ್ತು. ಅಷ್ಟರೊಳಗೆ ಅಕ್ಕ ಒಂದು ಮಾತಾಡಬೇಕು, ಇಲ್ಲವೇ ತಾನು. ಬೆಳಿಗ್ಗೆಯಿಂದ ನಾಲ್ಕಾರು ಸಲ ಬಾಯಿ ತೆರೆದು ಆಕಳಿಸಿ ಸುಮ್ಮನಾಗಿದ್ದ.

ಮಾತು ಬಿಟ್ಟವರ ಕೋಣೆಯಲ್ಲಿ ಸಣ್ಣ ಸದ್ದಿಗೂ ಅರ್ಥ ಬಂದುಬಿಡುತ್ತದೆ. ಕತ್ತರಿಯನ್ನು ಮೇಜಿನ ಮೇಲೆ ಜೋರಾಗಿ ಇಟ್ಟರೆ ಅದು ಬೈಗುಳ. ಮೆಲ್ಲಗೆ ಇಟ್ಟರೆ ಇನ್ನೂ ದೊಡ್ಡ ಬೈಗುಳ. ಸದ್ದು ಸಾಲದ ಕಡೆಗೆ ಬೆಕ್ಕಿತ್ತು. ಎರಡೂ ಅಂಗಡಿಯ ಹಾಲು ಕುಡಿಯುವ ಬೆಕ್ಕು.

"ಬೆಕ್ಕೇ, ಟವೆಲ್ ಹಂಗೆ ಮುದುರಬಾರದು ಅಂತ ಹೇಳು," ಎಂದಳು ಅಕ್ಕ.

"ಪುಟ್ಟಾ, ಚೀಲದ ಬಾಯಿ ಇಷ್ಟು ಚಿಕ್ಕದಾಗಿ ಹೊಲಿದ್ರೆ ಮುದುರದೆ ಇನ್ನೇನ್ ಮಾಡೋದು, ಕೇಳು," ಎಂದ ತಮ್ಮ, ಅದೇ ಬೆಕ್ಕಿಗೆ.

"ಕೆಲವರ ಬಾಯಿ ಚಿಕ್ಕದಿದ್ರೇ ಚೆನ್ನ ಅಂತ ಹೇಳು."

ತಮ್ಮನಿಗೆ ನಗು ಬಂತು. ಕೆಮ್ಮಿ ಮುಚ್ಚಿಕೊಂಡ.

"ಇನ್ನು ಕಾಲುಚೀಲ. ಪ್ರತಿ ಚೀಲಕ್ಕೂ ಒಂದೊಂದು..."

ಅಷ್ಟರಲ್ಲಿ ಬೆಕ್ಕು ಎದ್ದು, ಮೈಮುರಿದು, ಬಾಲ ಎತ್ತಿಕೊಂಡು ಹೊರಗೆ ಹೋಯಿತು. ಅಕ್ಕನ ಮಾತು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಯಾರಿಗೆ ಹೇಳುವುದು? ಬೆನ್ನು ತಿರುಗಿಸಿ ಲಾಡಿ ಪೋಣಿಸತೊಡಗಿದಳು.

ಒಂದೊಂದು ಏನು? ಕೇಳುವುದಾದರೆ ಅಕ್ಕನನ್ನೇ ಕೇಳಬೇಕು. ತಮ್ಮ ಕೇಳಲಿಲ್ಲ, ಯೋಚಿಸಿದ. ಸೋಪು ಒಂದು, ಬಾಚಣಿಗೆ ಒಂದು, ಕಾಲುಚೀಲವೂ ಒಂದೇ ಇದ್ದೀತು. ಆಮೇಲೆ ಕಾರಣವೂ ಹೊಳೆಯಿತು: ಸೋಪನ್ನು ಕಾಲುಚೀಲದೊಳಗೆ ಇಳಿಸಿದರೆ ಟವೆಲಿಗೆ ಅಂಟುವುದಿಲ್ಲ. ಎಂಥಾ ತಲೆ ಅಕ್ಕನದು! ಅವನು ಸೋಪುಗಳಿಗೆಲ್ಲ ಮುತುವರ್ಜಿಯಿಂದ ಕಾಲುಚೀಲ ತೊಡಿಸಿ, ಚೀಲ ತುಂಬಿ, ಹಿಂದಿನಿಂದ ದಾಟಿಸುತ್ತ ಹೋದ. ಅಕ್ಕ ಲಾಡಿ ಎಳೆದು ಗಂಟು ಹಾಕುತ್ತ ಹೋದಳು. ಒಳಗೆ ಇಣುಕಲಿಲ್ಲ. ಇಣುಕಿದರೆ ಸೋತ ಹಾಗೆ.

ಮೊದಲ ಚೀಲ ಯಾವಾಗಲೂ ಕಮಿಷನರಿಗೆ. ಎರಡು ಅಂಗಡಿಗಳ ಮುಂದಿನ ಮೆಟ್ಟಿಲ ಮೇಲೆ ಮಲಗುವ ಮುದುಕ. ಹೋಗಿಬರುವ ವಾಹನಗಳಿಗೆಲ್ಲ ಕೈ ತೋರಿಸಿ ಅಪ್ಪಣೆ ಕೊಡುವುದರಿಂದ ಆ ಹೆಸರು. ಚೀಲ ಹಿಡಿದು ಹೋದವನು ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಹೊಸ್ತಿಲಲ್ಲಿ ನಿಂತ. ಒಂದು ಕಾಲಿಗೆ ಬೂದು ಬಣ್ಣದ ಕಾಲುಚೀಲ, ಇನ್ನೊಂದು ಬರಿಗಾಲು.

"ಟೈಲರಮ್ಮಾ, ಈ ಕಾಲಿಗೆ ತುಂಬಾ ಖುಷಿ. ಆ ಕಾಲು ನನ್ನನ್ನ ಬೈತಾ ಇದೆ. ಇದರ ಜೊತೆದು ಎಲ್ಲಿ?"

ಅಕ್ಕ ಅವನ ಕಾಲು ನೋಡಿದಳು. ಇನ್ನೂ ಕರಗದ ಗುಡ್ಡೆ ನೋಡಿದಳು. ಗಂಟು ಬಿದ್ದ ಚೀಲಗಳ ಸಾಲು ನೋಡಿದಳು. ಬೆಕ್ಕಿಗಾಗಿ ಸುತ್ತ ಹುಡುಕಿದಳು. ಇರಲಿಲ್ಲ.

"ಲೋ!" ಎಂದಳು, ನೇರ ತಮ್ಮನ ಮುಖಕ್ಕೇ. "ಒಂದು ಕಾಲಿಗೆ ಕಾಲುಚೀಲ ಯಾರಾದ್ರೂ ಹಾಕ್ತಾರೇನೋ?"

"ನೀನೇ ಅಲ್ವಾ ಹೇಳಿದ್ದು ಒಂದೊಂದು ಅಂತ!"

"ಒಂದೊಂದು ಜೊತೆ ಅನ್ನೋಕೆ ಹೊರಟಿದ್ದೆ ಕಣೋ. ಬೆಕ್ಕು ಎದ್ದು ಹೋಯ್ತು."

"ನಾನಿದ್ನಲ್ಲಕ್ಕ."

ಅಕ್ಕ ಕೈಯಲ್ಲಿದ್ದ ಲಾಡಿ ಕೆಳಗಿಟ್ಟಳು. ಕತ್ತರಿ ಎಲ್ಲಿತ್ತೋ ಅಲ್ಲೇ ಇತ್ತು.

"ಜಗಳ ಆಮೇಲೆ ಮಾಡ್ಕೊಳ್ಳಿ," ಎಂದ ಕಮಿಷನರ್. "ಕಾಲು ಕಾಯ್ತಾ ಇದೆ."

ಮೂವರೂ ನೆಲದ ಮೇಲೆ ಕೂತು ಗಂಟು ಬಿಚ್ಚಿದರು. ಒಳಗಿನ ಸೋಪುಗಳನ್ನು ಕಂಡು ಅಕ್ಕನ ಕಣ್ಣಲ್ಲಿ ನೀರು ಬರುವಷ್ಟು ನಗು. "ಇವನ್ನ ಏನು ಮದುವೆಗೆ ಕಳಿಸ್ತಿದ್ಯಾ?" ಬೂದು ಬಣ್ಣಕ್ಕೆ ಬೂದು ಸಿಗದ ಕಡೆ ಕಪ್ಪು, ಕಪ್ಪು ಮುಗಿದ ಕಡೆ ಕೆಂಪು. ಹೊರಗೆ ವ್ಯಾನಿನ ಹಾರ್ನ್ ಕೇಳಿದಾಗ ಕಮಿಷನರ್ ಓಡಿ ಹೋಗಿ ಕೈ ಅಡ್ಡ ಹಿಡಿದ. ವ್ಯಾನು ನಿಂತಿತು. ಅವನ ಅಪ್ಪಣೆಗೆ ವಾಹನವೊಂದು ನಿಂತದ್ದು ಅದೇ ಮೊದಲು. ಎರಡು ಕಾಲಿಗೂ ಕಾಲುಚೀಲ ತೊಟ್ಟಿದ್ದವನು ಠೀವಿಯಿಂದ ಒಳಗೆ ಬಂದ.

ಚೀಲಗಳು ಹೋದ ಮೇಲೆ ಅಕ್ಕ ನೆಲ ಗುಡಿಸಿದಳು. ತಮ್ಮ ನಡುಗೋಡೆಯ ಬಾಗಿಲ ಹತ್ತಿರ ನಿಂತಿದ್ದ.

"ಆ ಅಂಗಿನೇ ಹಾಕ್ಕೊಂಡು ಬಂದಿದ್ದೀಯ," ಎಂದಳು. "ಬೆಳಿಗ್ಗೆನೇ ನೋಡ್ದೆ. ತೋಳು ನಿಜವಾಗ್ಲೂ ದೊಡ್ಡದಾಯ್ತು. ಬಿಚ್ಚಿಕೊಡು, ಒಳಗೆ ಹಿಡಿದು ಹೊಲಿದುಕೊಡ್ತೀನಿ."

"ಈಗ ಚಳಿ ಅಕ್ಕ."

"ನಾಳೆ ತಗೊಂಡ್ಬಾ. ಬೀದಿ ಸುತ್ತಿಕೊಂಡು ಬರಬೇಡ, ಈ ಬಾಗಿಲಿಂದಲೇ ಬಾ."

ಬೆಕ್ಕು ಬಂದು ಇಬ್ಬರ ನಡುವೆ ಕೂತು, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿತು. ಯಾರೂ ಏನೂ ಹೇಳಿ ಕಳಿಸಲಿಲ್ಲ.