ಹೆಸರು ಕೆತ್ತಿದ ಲೋಟ

ಮೂವತ್ತೊಂದು ವರ್ಷ ಐವರ್ನಾಡಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ನಾಮಪದ, ಕ್ರಿಯಾಪದ ಎಂದು ಎಂಟು ಪದವರ್ಗಗಳನ್ನೂ ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದೇನೆ. ಒಂದು ದಿನವೂ ಲ್ಯಾಟಿನ್ ಬೇಕಾಗಿರಲಿಲ್ಲ. ಹೀಗಿರುವಾಗ ನನ್ನ ಹಳೆಯ ವಿದ್ಯಾರ್ಥಿನಿ ಆಯಿಶತ್ ಶಿಫಾ ಬಂದಳು.

"ಟೀಚರೇ, ನಾಳೆ ಟೀಚರ್ ಕೆಲಸಕ್ಕೆ ಆನ್‌ಲೈನಲ್ಲಿ ಡೆಮೊ ಕ್ಲಾಸ್ ಉಂಟು. ಇಂಗ್ಲಿಷ್, ಲ್ಯಾಟಿನ್ ಪದವರ್ಗ ಹೋಲಿಸಿ ಪಾಠ ಮಾಡ್ಬೇಕು. ನಮ್ಮ ಕಲ್ಲುಗುಂಡಿಯಲ್ಲಿ ನೆಟ್ ನಿಲ್ಲುದಿಲ್ಲ. ಇಲ್ಲಿ ಕೂತ್ಕೊಳ್ಳಲಾ?"

ನನಗೆ ಉರಿದೇ ಹೋಯಿತು. "ಲ್ಯಾಟಿನ್ ಯಾರಿಗೆ ಬೇಕು ಮಾರಾಯ್ತಿ?"

"ಲಂಡನ್ನಿನ ಮಕ್ಕಳಿಗೆ. ಎರಡು ಸಲ ಡೆಮೊದಲ್ಲಿ ತಡವರಿಸಿ ಫೇಲಾಗಿದ್ದೇನೆ. ಇದೇ ಕೊನೆಯ ಚಾನ್ಸ್. ಇದೂ ಹೋದ್ರೆ ಸೋಮವಾರದಿಂದ ಮಾವನ ಚಪ್ಪಲಿ ಅಂಗಡಿ."

ಎರಡು ವರ್ಷ ಆ ಭಾಷೆಯನ್ನು ಒಬ್ಬಳೇ ಕೂತು ಕಲಿತಿದ್ದಳಂತೆ. ಅವಳ ಕಣ್ಣು ತುಂಬಿದ್ದು ನೋಡಿ ನನ್ನ ಸಿಟ್ಟು ಇಳಿಯಿತು.

"ಆದ್ರೆ ಕ್ಲಾಸ್ ಮುಗಿಯುವವರೆಗೆ ನೀವು ಕೋಣೆಗೆ ಬರ್ಬಾರ್ದು ಆಯ್ತಾ?" ಎಂದಳು.

"ನಾನೆಂತಕ್ಕೆ ಬರ್ಲಿ?" ಎಂದೆ.

ಮರುದಿನ ಬಾಗಿಲಿಗೆ ಕಿವಿಯಿಟ್ಟು ನಿಂತೆ. ಪರೀಕ್ಷಿಸುವ ಮೇಡಂ ಲ್ಯಾಪ್‌ಟಾಪಿನೊಳಗಿಂದ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು: "ಲ್ಯಾಟಿನ್ ವಾಕ್ಯದಲ್ಲಿ ನಾಮಪದವನ್ನು ಎಲ್ಲಿ ಬೇಕಾದರೂ ಇಡಬಹುದು ಅಂದಿರಿ. ಹಾಗಾದರೆ ಯಾರು ಯಾರಿಗೆ ಹೊಡೆದರೆಂದು ತಿಳಿಯುವುದು ಹೇಗೆ?"

ಶಿಫಾ ಪುಸ್ತಕದ ಉತ್ತರ ಶುರುಮಾಡಿದಳು, ಮತ್ತೆ ತಡವರಿಸಿದಳು. ಅಯ್ಯೋ ದೇವರೇ! ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಲ್ಲದೆ, ಗಡಿಬಿಡಿಯಲ್ಲಿ ಹುಡುಗಿಗೆ ಬಾಯಾರಿಕೆಗೂ ಕೊಟ್ಟಿರಲಿಲ್ಲ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಕೂರಿಸುವುದುಂಟೇ? ಎರಡು ಲೋಟ ಹಿಡಿದು ಒಳಗೆ ನುಗ್ಗಿದೆ. ಒಂದನ್ನು ಶಿಫಾಳ ಮುಂದಿಟ್ಟೆ. ಇನ್ನೊಂದನ್ನು ಲ್ಯಾಪ್‌ಟಾಪಿನ ಮುಂದಿಟ್ಟು, "ತಕೊಳ್ಳಿ ಮೇಡಂ, ಸಂಕೋಚ ಬೇಡ" ಎಂದೆ.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮೇಡಂ ಗೊಳ್ಳೆಂದು ನಕ್ಕರು. ಶಿಫಾ ನನ್ನನ್ನು ನುಂಗುವ ಹಾಗೆ ನೋಡಿದಳು. ಹುಡುಗಿಯ ಕೆಲಸ ನನ್ನಿಂದಲೇ ಹಾಳಾಯಿತೆಂದು ಬಾಗಿಲ ಕಡೆಗೆ ಸರಿದೆ.

ಅಷ್ಟರಲ್ಲಿ ಅವಳ ಕಣ್ಣು ಲೋಟಗಳ ಮೇಲೆ ಬಿತ್ತು. ಲ್ಯಾಪ್‌ಟಾಪಿನ ಮುಂದಿದ್ದುದನ್ನು ಕೈಗೆತ್ತಿಕೊಂಡಳು.

"ಮೇಡಂ, ಇದರ ಮೇಲೆ ನಮ್ಮ ಟೀಚರ ಹೆಸರು ಕೆತ್ತಿದೆ, ಶಂಕರಿ ಅಂತ. ಪಾತ್ರೆ ಅದಲುಬದಲಾಗದಿರಲೆಂದು ನಮ್ಮೂರಲ್ಲಿ ಹೀಗೆ ಕೆತ್ತಿಸುತ್ತಾರೆ. ಇದನ್ನು ಯಾವ ಮೂಲೆಯಲ್ಲಿಟ್ಟರೂ ಅವರದೇ. ಲ್ಯಾಟಿನ್ ನಾಮಪದವೂ ಹೊಡೆದವನೋ, ಹೊಡೆತ ತಿಂದವನೋ ಎಂಬ ಗುರುತನ್ನು ಪ್ರತ್ಯಯವಾಗಿ ಮೈಮೇಲೇ ಹೊತ್ತಿರುತ್ತದೆ. ಹೆಸರಿಲ್ಲದ ಈ ಇನ್ನೊಂದು ಲೋಟ ಇಂಗ್ಲಿಷಿನದು. ಯಾರ ಮುಂದಿಟ್ಟರೆ ಅವರದು, ಇಟ್ಟ ಜಾಗವೇ ಗುರುತು."

"ಮತ್ತೆ 'ಎ', 'ದಿ'? ಅವು ಲ್ಯಾಟಿನ್‌ನಲ್ಲಿ ಇಲ್ಲವಲ್ಲ?"

"ಅದು ಲೋಟದಡಿಯ ತಟ್ಟೆ. ಇಂಗ್ಲಿಷ್ ತಟ್ಟೆಯಿಟ್ಟು ಕೊಡುತ್ತದೆ. ಲ್ಯಾಟಿನ್ ಸೀದಾ ಕೈಗೇ ಕೊಡುತ್ತದೆ."

ಆಮೇಲೆ ಅವಳು ಒಮ್ಮೆಯೂ ತಡವರಿಸಲಿಲ್ಲ. ಇಷ್ಟು ವರ್ಷ ಅದೇ ಲೋಟದಲ್ಲಿ ಕಾಫಿ ಕುಡಿದ ನನಗೆ ಇದು ಹೊಳೆದೇ ಇರಲಿಲ್ಲ. ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು.

ಶನಿವಾರ ಶಿಫಾ ತನಗೆ ಬಂದ ಮೇಲ್ ತೋರಿಸಲು ಓಡಿಬಂದಳು. ಕೆಲಸ ಸಿಕ್ಕಿತ್ತು. ಕೊನೆಯ ಸಾಲಿನಲ್ಲಿ, 'ನಿಮ್ಮ ಸಹಾಯಕಿಗೂ ಧನ್ಯವಾದ' ಎಂದಿತ್ತು.

"ಸಹಾಯಕಿಯಾ? ನಾನಾ?" ಎಂದು ಕೂಗಾಡಿದೆ. ಶಿಫಾ ನಕ್ಕೂ ನಕ್ಕೂ ಸುಸ್ತಾದಳು.

ಆ ಸಂಜೆಯೇ ಹೆಸರಿಲ್ಲದ ಲೋಟವನ್ನು ಚೀಲಕ್ಕೆ ಹಾಕಿಕೊಂಡು ಸುಳ್ಯದ ಪಾತ್ರೆ ಅಂಗಡಿಗೆ ಹೋಗಿಬಂದೆ. ಸೋಮವಾರ ಶಿಫಾ ನಮ್ಮ ಮನೆಯಲ್ಲಿ ಮೊದಲ ಕ್ಲಾಸ್ ಮುಗಿಸಿ, ನೀರು ಕುಡಿದು, ಲೋಟ ತೊಳೆಯಲು ಹೋದವಳು ಅದರ ಮೇಲೆ ತನ್ನ ಹೆಸರು ಕಂಡು ಅಲ್ಲೇ ನಿಂತಳು.

"ಟೀಚರೇ, ಇದನ್ನು ಎಲ್ಲಿಡುದು?" ಎಂದಳು.

"ಎಲ್ಲಿ ಬೇಕಾದ್ರೂ ಇಡು" ಎಂದೆ.